ಮುರಿದ ಕೊಂಬೆಯ ನುಸಿ

ಬಟ್ಟಲಿನ ಲವಂಗದೆಣ್ಣೆಯಲ್ಲಿ ನೇರಳೆ ಬಣ್ಣ ಎಲ್ಲಿಂದ ಬಂತು, ಹೊಗೆಯ ಹಾಗೆ ಸುತ್ತುತ್ತಿದೆ, ಅಯ್ಯೋ, ಚೀಟಿ — ಚೀಟಿ ಬಿಡಿಸದೆ ನುಸಿಯ ಗಾಜಿನ ಸ್ಲೈಡನ್ನು ಮುಳುಗಿಸಿಬಿಟ್ಟೆನಲ್ಲ, ನನ್ನ ಬುದ್ಧಿಗಿಷ್ಟು, ಮೊದಲು ಚೀಟಿ ಆಮೇಲೆ ಹುಳ ಎಂದು ಹೊಸಬರಿಗೆಲ್ಲ ಹೇಳಿಕೊಡುವವಳು ನಾನೇ, ಇಕ್ಕಳದಲ್ಲಿ ಎತ್ತಿದರೆ ಬರೀ ಕಾಗದ, ಇವರ ಶಾಯಿಯ ಕೈಬರಹ ಒಂದಕ್ಷರವೂ ಉಳಿದಿಲ್ಲ. ನುಸಿ ಮಾತ್ರ ಹಾಗೇ ಇದೆ, ಹಳೆಯ ಅಂಟು ಕರಗಿ ಮೊದಲ ದಿನದಷ್ಟೇ ತಿಳಿ, ಕಡ್ಡಿಯಂಥ ರೆಕ್ಕೆ, ಅಂಚಿಗೆಲ್ಲ ಕೂದಲು, ಇಡೀ ಕುಲಕ್ಕೆ ಇದೊಂದೇ ಹೆಣ್ಣು, ಮತ್ತೆ ಯಾರಿಗೂ ಸಿಕ್ಕಿಲ್ಲ. ಹಸಿರೆಲೇಲಿ ಇರಲ್ಲ ಕಣೇ, ನೆಲಕ್ಕೆ ಬಿದ್ದ ತರಗೆಲೇಲೂ ಇರಲ್ಲ, ಮುರಿದೂ ಬೀಳದೆ ನೇತಾಡೋ ಕೊಂಬೆ ಇರುತ್ತಲ್ಲ, ಅದರ ಒಣಗಿದ ಎಲೆ ಸುರುಳಿಯೊಳಗೆ ಬೂಷ್ಟು ತಿಂದ್ಕೊಂಡು ಸಂಸಾರ ಮಾಡುತ್ತೆ, ಎಂಥಾ ವಿಳಾಸ ನೋಡು, ಎಂದು ನಕ್ಕಿದ್ದರು ಇವರು, ಮದುವೆಯಾದ ವರ್ಷ, ಉದುರಿದ್ದನ್ನು ಹಿಡಿಯುವ ಬಿಳಿ ತಟ್ಟೆ ನನ್ನ ಕೈಯಲ್ಲಿ, ಕೊಂಬೆ ಬಡಿಯುವ ಕೋಲು ಅವರ ಕೈಯಲ್ಲಿ. ಈಗ ಅವರು ಹೋಗಿ ಆರು ವರ್ಷ, ಮನೆಯಲ್ಲಿ ಅವರು ಬರೆದದ್ದೇನೂ ಇಲ್ಲ, ಪತ್ರ ಬರೆಯಲು ನಾವು ದೂರ ಇದ್ದದ್ದಾದರೂ ಯಾವಾಗ, ಈ ಚೀಟಿ ನೋಡಲಿಕ್ಕೆಂದೇ ವಾರಕ್ಕೊಮ್ಮೆ ಇಲ್ಲಿ ಸಂಗ್ರಹದ ಡ್ರಾಯರ್ ಎಳೆಯುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ.

ದಾಖಲೆ ಪುಸ್ತಕ ತೆಗೆದರೆ ಅಲ್ಲಿ ಇವರದೇ ಸೋಮಾರಿತನ, ‘ಮರ: ಚೀಟಿ ನೋಡಿ’ ಎಂದು ಯಾರೋ ಟೈಪ್ ಮಾಡಿದ್ದಾರೆ, ಇವರು ಹೇಳಿದ್ದನ್ನೇ. ಹೋಗ್ಲಿ ಬಿಡಿ ಮೇಡಂ, ಬಾಗಿಲಲ್ಲಿ ನಿಂತ ವಿಭಾಗದ ಮುಖ್ಯಸ್ಥರು, ನಿಮ್ಮ ಯಜಮಾನ್ರ ಜೊತೆ ನೀವೇ ಇದ್ರಲ್ಲ, ಯಾವ ಮರ ಅಂತ ಬರೆದುಕೊಡಿ ಸಾಕು, ನಾಳೆ ನಮ್ಮವರು ಇನ್ನೊಂದು ನುಸಿ ಸಿಗುತ್ತಾ ಅಂತ ಅದೇ ಮರ ಹುಡ್ಕೊಂಡು ಹೊರಡ್ತಾರೆ, ಹೋಗಿಬಿಟ್ಟರು, ಚಪ್ಪಲಿಯ ಸದ್ದು ಮೆಟ್ಟಿಲಿಳಿಯುತ್ತಿದೆ. ಬರೆಯಬಹುದು, ಹೊಸ ಚೀಟಿ, ಪೆನ್ಸಿಲ್, ಏನು ಮಹಾ, ಆ ಮಧ್ಯಾಹ್ನ ಪೂರ್ತಿ ಕಣ್ಣೆದುರಿಗಿದೆ, ಇವರ ಅಂಗಿಯ ಮೊಣಕೈಯಲ್ಲಿ ನಾನೇ ಹಾಕಿದ ತೇಪೆ, ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲ್, ತಟ್ಟೆ ನೆಟ್ಟಗೆ ಹಿಡ್ಕೊಳ್ಳೇ, ಆತುರಗಾರನಿಗೆ ಬುದ್ಧಿ ಮಟ್ಟ, ಹೌದು ಮಾರಾಯರೇ, ಇವತ್ತೂ ಮಟ್ಟವೇ, ಬಂದು ಬೈಯಿರಿ ನೋಡೋಣ — ಕತ್ತಿನ ಬೆವರು, ಎಲೆಯ ಪುಡಿ ಉದುರಿದ ಕೂದಲು, ತಟ್ಟೆಯಲ್ಲಿ ಹರಿದಾಡುವ ಕಪ್ಪು ಚುಕ್ಕಿ, ಸಿಕ್ತು ಸಿಕ್ತು ಎಂದು ಮಗುವಿನ ಹಾಗೆ ಕುಣಿದದ್ದು, ಕೊಂಬೆ ಕಾಣುತ್ತಿದೆ, ಮರ — ಮರ ಎಲ್ಲಿ, ಎಲೆ ಅಗಲವೋ ಸಣ್ಣದೋ, ತೊಗಟೆ ಕಪ್ಪೋ ಬೂದಿಯೋ, ನಾನು ತಲೆಯೆತ್ತಿ ನೋಡಲೇ ಇಲ್ಲ, ಇವರನ್ನೇ ನೋಡುತ್ತಿದ್ದೆ. ಪೆನ್ಸಿಲ್ ಕಾಗದದ ಮೇಲಿದೆ. ಮರ, ಎಂದು ಬರೆದೆ. ಮುಂದೆ — ತೊಗಟೆಯ ಒಂದೇ ಎಳೆಗೆ ಜೋತುಬಿದ್ದ ಕೊಂಬೆ, ಗಾಳಿಗೆ ಇತ್ತ ತಿರುಗುತ್ತದೆ, ಅತ್ತ ತಿರುಗುತ್ತದೆ, ಬೀಳುವುದಿಲ್ಲ, ಇತ್ತ ತಿರುಗುತ್ತದೆ