ಛಾಟ್ ಮಾಡಿದ ಚಿಪ್ಪುಗಳು

ಮಾರ್ಚ್ ತಿಂಗಳಲ್ಲಿ ಬೀಡಿ ಗುತ್ತಿಗೆದಾರ ಕಾಕಾಸಾಹೇಬ ತೂಕದ ಕಲ್ಲಿನಿಂದ ಮುಬೀನಾಳ ಎಡಗೈ ನಡುಬೆರಳು ಜಜ್ಜಿದ. ಅವಳು ಕಟ್ಟಿದ ಸಾವಿರ ಬೀಡಿಯಲ್ಲಿ ನಲವತ್ತು ಸಡಿಲವಾಗಿದ್ದವು. ಕೆಟ್ಟ ಬೀಡಿ ಆರಿಸಿ ತೆಗೆಯುವುದಕ್ಕೆ ನಿಪ್ಪಾಣಿಯಲ್ಲಿ ಛಾಟ್ ಎನ್ನುತ್ತಾರೆ. ಶೆಡ್ಡಿನಲ್ಲಿದ್ದ ಉಳಿದ ಹೆಂಗಸರು ತಲೆ ಎತ್ತಲಿಲ್ಲ. ಮುಬೀನಾ ಮತ್ತೆ ಅಲ್ಲಿಗೆ ಹೋಗಲಿಲ್ಲ.

ಏಪ್ರಿಲ್‌ನಿಂದ ಅವಳು ಭಾಗ್ಯಾಳ ಮನೆಯ ಮುಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಮರಳಿನಿಂದ ಚಿಪ್ಪು ಆರಿಸತೊಡಗಿದಳು. ಭಾಗ್ಯಾ ಇದೇ ಊರಿನವಳು, ಲಕ್ಷದ್ವೀಪದ ಹವಳದ ದಿಬ್ಬಗಳ ಸಂಶೋಧಕಿ. ಸಾಸಿವೆಗಿಂತ ಸಣ್ಣ ಈ ಚಿಪ್ಪುಗಳು ಒಂದೇ ಕೋಶದ ಜೀವಿಗಳವು. ಅವು ಹವಳದಂತೆಯೇ ಮೈಯೊಳಗೆ ಪಾಚಿ ಸಾಕಿಕೊಂಡು ಬದುಕುತ್ತವೆ. ನೀರು ಕಾದರೆ ಪಾಚಿ ಹೋಗುತ್ತದೆ, ಚಿಪ್ಪು ಬಿಳಿಚುತ್ತದೆ, ಸೊಟ್ಟಗಾಗುತ್ತದೆ, ಒಡೆಯುತ್ತದೆ. ದಿಬ್ಬದ ಆಳದಿಂದ ತೆಗೆದ ಮರಳು ಸುಮಾರು ಆರುನೂರು ವರ್ಷ ಹಳೆಯದು. ಮೇಲ್ಪದರದ್ದು 2024ರ ಬೇಸಿಗೆಯಲ್ಲಿ ಕಡಲು ಕಾದ ಮೇಲೆ ತೆಗೆದದ್ದು. ಎರಡನ್ನೂ ಹೋಲಿಸಬೇಕಿತ್ತು.

ಜೂನ್ ಮೊದಲ ವಾರ ಭಾಗ್ಯಾ ಲೆಕ್ಕದ ಹಾಳೆಗಳನ್ನು ನೋಡಿದಳು. ಎರಡರಲ್ಲೂ ಮುನ್ನೂರು ಚಿಪ್ಪು. ಎರಡರಲ್ಲೂ ಒಡೆದವು ಸೊನ್ನೆ. ಆ ದಿಬ್ಬ ಸುಣ್ಣದಂತೆ ಬಿಳಿಚಿ ಸತ್ತದ್ದನ್ನು ಅವಳು ನೀರಿಗಿಳಿದು ಕಣ್ಣಾರೆ ಕಂಡಿದ್ದಳು.

"ಒಡದದ್ದು ಒಂದೂ ಸಿಗಲಿಲ್ಲೇನು ಮುಬೀನಾ?"

"ಸಿಕ್ಕಿದ್ವಲ್ರಿ ಅಕ್ಕಾರ. ಛಾಟ್ ಮಾಡೇನಿ. ಕೆಟ್ಟ ಮಾಲು ನಿಮಗ ಹೆಂಗ ಕೊಡಲಿ?"

ಭಾಗ್ಯಾ ಗೋಡೆಗೆ ಒರಗಿದಳು. "ನನಗ ಬೇಕಾಗಿದ್ದು ಅವೇ. ಅವು ಇಲ್ಲಂದ್ರ ಈ ಲೆಕ್ಕ ಸುಳ್ಳು, ನಮ್ಮಿಬ್ಬರ ಕೆಲಸಾನೂ ಮುಗೀತು. ಉಸುಕು ಮತ್ತ ತರಾಕ ಆಗೂದಿಲ್ಲ. ಎಲ್ಲಿ ಚೆಲ್ಲಿದಿ?"

"ಚೆಲ್ಲಿಲ್ರಿ. ಶೆಡ್ಡಿನ್ಯಾಗ ಛಾಟ್ ಮಾಲು ಸೈತ ಎಣಿಸಿ ಕೊಡಬೇಕು. ಇಲ್ಲಂದ್ರ ಸಾವಕಾರ ಬಡೀತಿದ್ದ."

ಹಳೆಯ ಮರಳಿನ ಛಾಟ್ ಹನ್ನೊಂದೇ ಇದ್ದವು, ಕಾಗದದಲ್ಲಿ ಮಡಚಿಟ್ಟಿದ್ದಳು. ಹೊಸದರವು, ಒಡೆದವೂ ಬರೀ ಸೊಟ್ಟಗಾದವೂ, ತಂಬಾಕಿನ ಡಬ್ಬಿಯಲ್ಲಿದ್ದವು. ಅವಳು ಡಬ್ಬಿ ತೆಗೆದು ನೆಲದ ಮೇಲೆ ಇಟ್ಟಾಗಲೇ ಕಾಕಾಸಾಹೇಬ ಬಾಗಿಲು ದೂಡಿ ಒಳಗೆ ಬಂದ.

"ಏನಬೇ ಮುಬೀನಾ, ಬೀಡಿ ಬಿಟ್ಟು ಉಸುಕಿನ್ಯಾಗ ಆಡಾಕತ್ತೀಯೇನು? ನಿನ್ನ ನೋಡಿ ಇನ್ನ ಮೂರು ಮಂದಿ ಬಿಟ್ಟಾರ. ನಾಳೆ ಶೆಡ್ಡಿಗೆ ಬಾ."

"ಬರೂದಿಲ್ರಿ."

ಅವನು ಅವಳ ಕಪಾಳಕ್ಕೆ ಹೊಡೆದ. ತಡೆಯಲು ಬಂದ ಭಾಗ್ಯಾಳನ್ನು ತಳ್ಳಿದ. ಬಾಗಿಲ ಚೌಕಟ್ಟಿಗೆ ಅವಳ ಹಣೆ ಬಡಿದು ಚರ್ಮ ಸೀಳಿತು. ಆಮೇಲೆ ಅವನ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ನನ್ನ ಶೆಡ್ಡಿನ ಡಬ್ಬಿ. ಕಳ್ಳಿ."

"ಡಬ್ಬಿ ಒಯ್ರಿ ಸಾವಕಾರ್ರ. ಒಳಗಿಂದು ಬಿಡ್ರಿ."

"ಒಳಗಿಂದು? ತಗೋ." ಡಬ್ಬಿ ಬೋರಲು ಹಾಕಿ, ಬಿದ್ದ ಚಿಪ್ಪುಗಳ ಮೇಲೆ ಹಿಮ್ಮಡಿ ತಿರುಗಿಸಿದ. ಹಾಸುಗಲ್ಲಿನ ಮೇಲೆ ಸಕ್ಕರೆ ತುಳಿದಂಥ ಸದ್ದಾಯಿತು.

ಮುಬೀನಾ ಚಿಪ್ಪುಗಳ ಮೇಲೆ ಅಂಗೈ ಮುಚ್ಚಿದಳು. ಅವನು ಆ ಕೈಯನ್ನೂ ತುಳಿದ. ಒಮ್ಮೆ, ಮತ್ತೊಮ್ಮೆ. ಚೀಟಿ ಕತ್ತರಿಸಲು ಇಟ್ಟಿದ್ದ ಕತ್ತರಿ ಅವಳ ಬಲಗೈಗೆ ಸಿಕ್ಕಿತು. ಅವನ ಮೀನಖಂಡಕ್ಕೆ ಮೂರು ಸಲ ಇರಿದಳು. ಮೂರನೆಯದು ಎಲುಬಿಗೆ ತಾಗಿ ನಿಂತಿತು. ಅವನು ಕುಸಿದು, ಕುಂಡೆ ಎಳೆದುಕೊಂಡು ಬಾಗಿಲವರೆಗೆ ಹೋದ. ಅವಳು ಅವನ ಕಡೆ ನೋಡಲಿಲ್ಲ. ನೆತ್ತರು ಚಿಪ್ಪುಗಳತ್ತ ಹರಿಯದಂತೆ ಸೆರಗು ಅಡ್ಡ ಹಾಕಿದಳು.

ಅವನನ್ನು ದವಾಖಾನೆಗೆ ಒಯ್ದ ಮೇಲೆ ಸಮಾಧಾನ ಎಂಬ ಹವಾಲ್ದಾರ ಪಂಚನಾಮೆ ಬರೆಯಲು ಕೂತ. ಕತ್ತರಿಯನ್ನು ಕಟ್ಟಿ ಸೀಲು ಹಾಕಿದ. ಚಿಪ್ಪುಗಳನ್ನೂ ವಶಕ್ಕೆ ತೆಗೆದುಕೊಳ್ಳಬೇಕೆಂದ.

"ಎಷ್ಟು ಅದಾವು? ಸಂಖ್ಯೆ ಬರೀಬೇಕು."

"ಎಣಿಸಿ ಹೇಳ್ತೀನ್ರಿ," ಎಂದಳು ಮುಬೀನಾ. ಎಡಗೈಗೆ ಬಟ್ಟೆ ಸುತ್ತಿ, ಬಲಗೈಯಲ್ಲಿ ಕುಂಚ ಹಿಡಿದು ಸೂಕ್ಷ್ಮದರ್ಶಕದ ಮುಂದೆ ಎರಡು ತಾಸು ಕೂತಳು. ಹಿಟ್ಟಾದವನ್ನು ಬಿಟ್ಟು ನೂರಾ ಇಪ್ಪತ್ತು ಸಿಕ್ಕವು.

"ನೂರಾ ಇಪ್ಪತ್ತೂ ಆತನ ಕಾಲಾಗ ಒಡದಾವು ಅಂತ ಬರೀತೀನಿ," ಎಂದ ಸಮಾಧಾನ. "ನಿನ್ನ ಕೇಸು ಗಟ್ಟಿ ಆಗತೈತಿ. ನೀನೂ ಮೂರು ಸಲ ಚುಚ್ಚೀಯವ್ವಾ, ನೆನಪಿರಲಿ."

ಭಾಗ್ಯಾ ಹೊಸ ಮರಳಿನ ಹಾಳೆಯಲ್ಲಿದ್ದ ಸೊನ್ನೆಯನ್ನು ನೋಡಿದಳು. ಹಣೆಗೆ ಒತ್ತಿ ಹಿಡಿದ ಬಟ್ಟೆ ಒದ್ದೆಯಾಗಿತ್ತು.

"ಹಂಗ ಬರೀಬ್ಯಾಡ್ರಿ. ಇಲ್ಲಿ ಬಂದು ನೋಡ್ರಿ," ಎಂದಳು ಮುಬೀನಾ.

ಹವಾಲ್ದಾರ ಟೋಪಿ ತೆಗೆದು ಬಗ್ಗಿದ.

"ಈ ಕಡೆಯವು ಬರೇ ಸೊಟ್ಟ ಇದ್ವು, ಈಗ ಒಡದಾವು, ಅಂಚು ಬ್ಲೇಡಿನಂಗ ಐತಿ. ಇಪ್ಪತ್ಮೂರು. ಅವು ಆತನವು. ಆ ಕಡೆಯವುಕ್ಕ ಅಂಚು ಸವದೈತಿ ನೋಡ್ರಿ. ತೊಂಬತ್ತೇಳು. ಅವು ಕಡಲಿನ್ಯಾಗ ಒಡದಾವು."

"ಖರೇ ಹೇಳಾಕತ್ತೀಯೇನು?"

"ನಾಕು ಸಲ ಎಣಿಸೇನಿ."

ಅವನು ಬರೆದುಕೊಂಡ. ಭಾಗ್ಯಾ ಹೊಸ ಮರಳಿನ ಹಾಳೆ ಎಳೆದುಕೊಂಡು, ಸೊನ್ನೆ ಹೊಡೆದುಹಾಕಿ, ಪಕ್ಕದಲ್ಲಿ ತೊಂಬತ್ತೇಳು ಎಂದು ಬರೆದಳು.