ಅಕ್ಕಿ ಮಿಥುನ್

"ಒಂದ್ಸಲ ಇಳಿದು ಮತ್ತೆ ಹತ್ತು," ಎಂದ ಅಭಿರಾಮ್, ಗ್ಯಾರೇಜಿನ ನೆಲದ ಮೇಲೆ ಬೋರಲು ಮಲಗಿಕೊಂಡೇ.

"ಎಷ್ಟು ಸಲಾನಪ್ಪ?" ಎನ್ನುತ್ತ ಮಿಥುನ್ ಕಾರಿನಿಂದ ಇಳಿದ. ಬಾಗಿಲು ಹಿಡಿದುಕೊಂಡು ಒಂದು ಉಸಿರು ಬಿಟ್ಟ. ಮತ್ತೆ ಹತ್ತಿ ಕುಳಿತ. ಅಭಿರಾಮ್ ಹಿಂದಿನ ಬಲಚಕ್ರದ ಅಂಚಿಗೆ ಟೇಪು ಹಿಡಿದು ದಾರದವರೆಗಿನ ಅಂತರ ನೋಡಿದ. ಮೊದಲು ಬಂದ ಅಳತೆಯೇ ಬಂತು, ಅಂದರೆ ತಪ್ಪು ಅಳತೆಯೇ ಬಂತು.

ಕಾರಿನ ಎರಡೂ ಪಕ್ಕ ಮೀನು ಹಿಡಿಯುವ ದಾರ ಬಿಗಿದಿತ್ತು. ಆ ದಾರದಿಂದ ಚಕ್ರದ ಮುಂದಿನ ಅಂಚಿಗೆಷ್ಟು, ಹಿಂದಿನ ಅಂಚಿಗೆಷ್ಟು ಎಂದು ನೋಡಿದರೆ ಚಕ್ರ ನೆಟ್ಟಗಿದೆಯೋ ಓರೆಯಾಗಿದೆಯೋ ತಿಳಿಯುತ್ತದೆ. ಡ್ರ್ಯಾಗ್ ರೇಸಿನಲ್ಲಿ ತಿರುವೆಂಬುದಿಲ್ಲ, ಕಾಲು ಮೈಲಿಯ ನೇರ ದಾರಿ, ಅಷ್ಟೆ. ನೋಡುವವರಿಗೆ ಇದಕ್ಕಿಂತ ಸುಲಭದ ಆಟ ಬೇರೊಂದಿಲ್ಲ. ಆದರೆ ಹಸಿರು ದೀಪ ಹತ್ತಿದ ಗಳಿಗೆ ಕಾರಿನ ಬಲವೆಲ್ಲ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಆಗ ಒಂದು ಚಕ್ರ ಕೂದಲೆಳೆಯಷ್ಟು ಓರೆಯಾಗಿದ್ದರೂ ಕಾರು ಪಕ್ಕದ ಗೋಡೆಗೆ ಮುಖ ಮಾಡುತ್ತದೆ. ಹೋದ ತಿಂಗಳು ಹಾಗೇ ಆಗಿತ್ತು. ಮಿಥುನ್ ಆಕ್ಸಿಲರೇಟರ್ ಮೇಲಿನ ಕಾಲು ತೆಗೆದು, ಹೇಗೋ ತಿರುಗಿಸಿಕೊಂಡು, ಗೋಡೆಯ ಪಕ್ಕದಲ್ಲೇ ಸವರಿಕೊಂಡು ಹೋಗಿದ್ದ. ನಾಳೆ ಭಾನುವಾರ, ಈ ವರ್ಷದ ಕೊನೆಯ ರೇಸು.

ಚಾಲಕ ಕೂತಾಗ ಕಾರು ಎಷ್ಟು ತಗ್ಗುತ್ತದೋ ಅದಕ್ಕೆ ತಕ್ಕಂತೆ ಚಕ್ರದ ಕೋನವೂ ಬದಲಾಗುತ್ತದೆ. ಹಾಗಾಗಿ ಅಳತೆ ಮಾಡುವಾಗ ಸೀಟಿನಲ್ಲಿ ಅವನ ತೂಕ ಇರಲೇಬೇಕು. ಇಲ್ಲಿಯವರು ಮರಳಿನ ಚೀಲ ಇಡುತ್ತಾರೆ, ಜಿಮ್ಮಿನ ತೂಕದ ಬಿಲ್ಲೆ ಇಡುತ್ತಾರೆ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಈ ಗ್ಯಾರೇಜಿನಲ್ಲಿ ಮಾತ್ರ ಇಪ್ಪತ್ತು ಕಿಲೋದ ಸೋನಾ ಮಸೂರಿ ಚೀಲಗಳು ನಾಲ್ಕು. ಮಿಥುನ್‌ನ ಹೆಂಡತಿ ಪ್ರೇರಣಾ ಮೊದಲ ವರ್ಷವೇ ಅದಕ್ಕೆ 'ಅಕ್ಕಿ ಮಿಥುನ್' ಎಂದು ನಾಮಕರಣ ಮಾಡಿದ್ದಳು. "ನನ್ನ ಗಂಡನಿಗಿಂತ ಇವನೇ ವಾಸಿ. ಹೇಳಿದ ಕಡೆ ಕೂರ್ತಾನೆ, ಎದುರು ಮಾತಾಡಲ್ಲ, ಕೊನೆಗೆ ಊಟಕ್ಕೂ ಆಗ್ತಾನೆ," ಎನ್ನುತ್ತಿದ್ದಳು. ಅಳತೆ ಮುಗಿದ ಮೇಲೆ ಎರಡು ಚೀಲ ಅವರ ಅಡುಗೆಮನೆಗೆ, ಎರಡು ಚೀಲ ಬೀದಿಯಾಚೆಯ ಅಭಿರಾಮನ ಮನೆಗೆ. ಚಳಿಗಾಲವೆಲ್ಲ ಇಬ್ಬರ ಮನೆಯಲ್ಲೂ ಅದೇ ಅನ್ನ.

ಇವತ್ತು ಅವಳು ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಅಕ್ಕಿ ಬರಲಿ, ಆಮೇಲೆ ನೋಡೋಣ ಎಂದು ಮಿಥುನ್ ಎರಡು ಮೂರು ಸಲ ಹೇಳಿದ್ದ. ಕತ್ತಲಾಗುವ ಮೊದಲು ಮುಗಿಸುವ ಅವಸರ ಅಭಿರಾಮನಿಗೆ. ನೀನೇ ಕೂರು ಎಂದು ಅವನನ್ನು ಹತ್ತಿಸಿದ್ದ.

ಹೊರಗೆ ಮಧ್ಯಾಹ್ನದಿಂದ ಒಂದೇ ಸಮನೆ ಜಿಟಿಜಿಟಿ. ಅಭಿರಾಮ್ ದಾರ ಬಿಚ್ಚಿ ಮತ್ತೆ ಕಟ್ಟಿದ. ಟೈರಿನ ಗಾಳಿ ನೋಡಿದ. ನೆಲಕ್ಕೆ ಮಟ್ಟಗೋಲು ಇಟ್ಟು ನೋಡಿದ. ಎಲ್ಲವೂ ಸರಿಯಿತ್ತು. ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ಬೆರಳಿಟ್ಟು ನೋಡಿದ. ಮಿಥುನ್ ಕೂತ ಪಕ್ಕ ಕಾರು ಎಂದಿನಷ್ಟು ತಗ್ಗಿರಲಿಲ್ಲ. ದಿನವಿಡೀ ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷಿಸುವ ಮನುಷ್ಯ ಅಭಿರಾಮ್, ಸ್ಪ್ರಿಂಗಿನ ಮೇಲೆಯೇ ಅನುಮಾನಪಟ್ಟ. ಸ್ಪ್ರಿಂಗಿನ ಮೇಲೆ ಕುಳಿತವನ ಮೇಲೆ ಯಾರಾದರೂ ಅನುಮಾನಪಡುತ್ತಾರೆಯೇ?

"ಸ್ಪ್ರಿಂಗ್ ಏನಾದ್ರೂ ಬದಲಾಯಿಸಿದ್ಯಾ?"

"ಇಲ್ಲ."

"ಹಂಗಾದ್ರೆ ಯಾಕೆ ಇಷ್ಟು ಎತ್ತರ ನಿಂತಿದೆ ಇದು?"

ಮಿಥುನ್ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದಿನ ಗೋಡೆ ನೋಡುತ್ತಿದ್ದ. "ಟೇಪ್ ಸರಿಯಾಗೇ ಇದೆ ಅಭಿ. ಸ್ಪ್ರಿಂಗೂ ಸರಿಯಾಗಿದೆ. ನಾನೇ ಕಮ್ಮಿ ಆಗಿದೀನಿ."

ಅಭಿರಾಮ್ ಎದ್ದು ನಿಂತ. ದೊಗಲೆ ಜಾಕೆಟ್ಟಿನೊಳಗಿನ ಆ ಕತ್ತು, ಆ ಮಣಿಕಟ್ಟು ಅವನಿಗೆ ಆಗ ಕಂಡವು. ವಾರಕ್ಕೆರಡು ಸಲ ನೋಡುವ ಮುಖ. ಜಿಮ್ಮಿಗೆ ಹೋಗ್ತಿದೀನಿ, ಸಕ್ಕರೆ ಬಿಟ್ಟಿದೀನಿ ಎಂದು ಮಿಥುನ್ ಹೇಳಿದಾಗ ಭೇಷ್ ಎಂದು ಬೆನ್ನು ತಟ್ಟಿದವನೂ ತಾನೇ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಹೊಟ್ಟೆಯಲ್ಲಿ," ಎಂದ ಮಿಥುನ್. "ಗಡ್ಡೆ. ಒಳ್ಳೇದಲ್ಲ. ಗುರುವಾರ ಆಪರೇಷನ್. ತೆಗೆದು ನೋಡಿದ ಮೇಲೇ ಮುಂದಿನದು ಅಂತಾರೆ."

ಬೆಂಗಳೂರಿನವರ ನಡುವೆ ಇದ್ದೂ ಇದ್ದೂ ಅಭಿರಾಮನ ಹುಬ್ಬಳ್ಳಿ ಮಾತು ಸವೆದುಹೋಗಿತ್ತು. ಈಗ ಅದು ತಾನಾಗಿ ಬಾಯಿಗೆ ಬಂತು. "ನನಗ ಹೇಳಬಾರದೇನಲೇ? ಹಿಂಗ್ಯಾಕ ಮಾಡಿದಿ? ಪ್ರೇರಣಾಗ ಗೊತ್ತೈತೇನು?"

"ಇಲ್ಲ. ಅವಳ ಅಮ್ಮ ಹೋಗಿದ್ದು ಇದರಲ್ಲೇ ಕಣೋ. ಆಗ ಅವಳು ಹೇಗಿದ್ಲು ಅಂತ ನೀನೂ ನೋಡಿದೀಯ. ಇನ್ನೊಂದಷ್ಟು ದಿನ ನೆಮ್ಮದಿಯಾಗಿ ನಿದ್ದೆ ಮಾಡ್ಲಿ ಅಂತ ಸುಮ್ನಿದ್ದೆ. ನಾಳೆ ಒಂದೇ ಒಂದು ರನ್. ಆಮೇಲೆ ಈ ಸೀಟಿಗೆ ಹತ್ತೋಕಾಗುತ್ತೋ ಇಲ್ವೋ. ಸಂಜೆ ಬಂದು ನಾನೇ ಹೇಳ್ತೀನಿ."

ಹೊರಗೆ ಕಾರು ನಿಂತ ಸದ್ದಾಯಿತು. ಮಿಥುನ್ ಧ್ವನಿ ತಗ್ಗಿಸಿದ. "ಅವಳು ನಾಲ್ಕು ಚೀಲ ತರ್ತಾಳೆ. ನಾಲ್ಕೂ ಇಟ್ಟು ಅಳತೆ ಮಾಡು. ಬೇಕಿದ್ರೆ ನಾಳೆ ಬೆಳಿಗ್ಗೆ ರೇಸಿನ ಜಾಗದಲ್ಲೇ ಸರಿ ಮಾಡ್ಕೊಳ್ಳೋಣ."

"ಅಲ್ಲಿ ಹುಲ್ಲಿನ ಮೇಲೆ ಏನ್ ಸರಿ ಮಾಡ್ತೀಯ? ನೆಲ ಸಮ ಇಲ್ಲ. ನಾಲ್ಕು ಚೀಲಕ್ಕೆ ಹೊಂದಿಸಿದ್ರೆ ಮತ್ತೆ ಗೋಡೆಗೇ ಹೋಗ್ತೀಯ ನೀನು."

"ಪ್ಲೀಸ್ ಅಭಿ."

ಅಭಿರಾಮನಿಗೆ ಏನು ಮಾಡಬೇಕೋ ತೋಚಲಿಲ್ಲ. ನಾಲ್ಕು ಚೀಲ ಇಟ್ಟರೆ ಗೆಳೆಯನನ್ನು ತಾನೇ ಗೋಡೆಗೆ ಕಳಿಸಿದಂತೆ. ಒಂದು ಚೀಲ ಬೇಡವೆಂದರೆ ಯಾಕೆಂದು ಪ್ರೇರಣಾ ಕೇಳುತ್ತಾಳೆ. ಅವಳ ಮುಖ ನೋಡಿಕೊಂಡು ಸುಳ್ಳು ಹೇಳಲು ಅವನಿಂದ ಆಗದು. ಸಹಾಯ ಮಾಡುವವನಂತೆ ಹೊರಗೆ ಹೋದ.

ಪ್ರೇರಣಾ ಆಗಲೇ ಡಿಕ್ಕಿ ತೆರೆದು ಚೀಲ ಎಳೆಯುತ್ತಿದ್ದಳು. "ಬನ್ನಿ ಅಭಿರಾಮ್, ಅಂಗಡಿಯಲ್ಲಿ ಎಷ್ಟು ರಶ್ ಅಂತೀರಿ," ಎಂದಳು. ಮಳೆಗೆ ಕೂದಲು ಹಣೆಗೆ ಅಂಟಿತ್ತು. ಇಬ್ಬರೂ ಸೇರಿ ಒಂದು ಚೀಲ ತಂದರು, ಎರಡನೆಯದು ತಂದರು, ಮೂರನೆಯದು ತಂದರು. ನಾಲ್ಕನೆಯದಕ್ಕೆಂದು ಅಭಿರಾಮ್ ವಾಪಸು ಹೋದಾಗ ಡಿಕ್ಕಿ ಖಾಲಿಯಿತ್ತು.

ಮಿಥುನ್ ಕಾರಿನಿಂದಿಳಿದು ಗೋಡೆಗೆ ಒರಗಿ ನಿಂತಿದ್ದ. "ಇನ್ನೊಂದೆಲ್ಲಿ?" ಎಂದ.

"ತರ್ತೀನಿ, ಇರು," ಎಂದು ಅವಳು ಮನೆಯೊಳಗೆ ಹೋದಳು. ಬರುವಾಗ ಅವಳ ತೋಳಲ್ಲಿ ಇದ್ದದ್ದು ಒಂದು ದಿಂಬಿನ ಕವರು. ಕೆಳಗರ್ಧ ಅಕ್ಕಿ ತುಂಬಿ, ಬಾಯಿಯನ್ನು ಚೂಡಿದಾರದ ಲಾಡಿಯಿಂದ ಬಿಗಿದಿತ್ತು. ನೀಲಿ ಹೂವಿನ ಆ ಕವರು ಅವರ ಮಂಚದ ಮೇಲಿನದು. "ದಾರ ನೋಡ್ಕೊಂಡು," ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಬಿಗಿದ ದಾರವನ್ನು ಎಚ್ಚರದಿಂದ ದಾಟಿ, ಮೂರು ಚೀಲಗಳ ಮೇಲೆ ಅದನ್ನು ಕೂರಿಸಿದಳು.

"ಪ್ರತಿ ಸಲ ನಾಲ್ಕು ಇಡ್ತೀವಲ್ಲ..." ಎಂದ ಮಿಥುನ್.

"ಈ ಸಲ ಇಷ್ಟು ಸಾಕು."

ಅವಳು ಸೀಟಿನ ಬೆಲ್ಟುಗಳನ್ನು ಅಕ್ಕಿಯ ಸುತ್ತ ತಂದು ಸಿಕ್ಕಿಸಿದಳು. ಪಟ್ಟಿಯ ಮೇಲೆ ಹಳೆಯ ಅಳತೆಯ ಸವೆದ ಗುರುತಿತ್ತು. ಅದನ್ನು ದಾಟಿ, ಇನ್ನೂ ಒಂದು ಗೇಣು ಎಳೆದು ಬಿಗಿ ಮಾಡಿದಳು.

ಅಭಿರಾಮ್ ಮತ್ತೆ ನೆಲಕ್ಕೆ ಬೋರಲಾದ. ಯಾರ ಮುಖವನ್ನೂ ನೋಡಬೇಕಿಲ್ಲದ ಆ ಜಾಗ ಅವನಿಗೆ ಆಗ ಬೇಕಾಗಿತ್ತು. ಟೇಪು ಹಿಡಿದ. ಮುಂದಿನ ಅಂಚು ನೋಡಿದ, ಹಿಂದಿನ ಅಂಚು ನೋಡಿದ. ಎಷ್ಟು ತುಂಬಬೇಕೆಂದು ಅವಳಿಗೆ ಹೇಗೆ ತಿಳಿಯಿತೋ, ಅವನು ಕೇಳಲಿಲ್ಲ.

"ಎಷ್ಟು ಬಂತು?" ಎಂದ ಮಿಥುನ್.

"ನೀನು ಕೂತಾಗ ಬಂದಷ್ಟೇ," ಎಂದ ಅಭಿರಾಮ್.



"ಇದಕ್ಕೇ ಹೊಂದಿಸಿ ಅಭಿರಾಮ್. ನಾಳೆ ನೆಟ್ಟಗೆ ಹೋಗ್ಬೇಕು," ಎಂದಳು ಪ್ರೇರಣಾ. ಆಮೇಲೆ, ಟೀ ಇಡಲಾ ಎಂದು ಕೇಳುವ ಧ್ವನಿಯಲ್ಲೇ, "ಗುರುವಾರಕ್ಕೆ ರಜಾ ಹಾಕಿದೀನಿ. ಸಿಕ್ತು," ಎಂದಳು.

ಅಭಿರಾಮ್ ಸ್ಪ್ಯಾನರ್ ಎತ್ತಿಕೊಂಡು ಕಾರಿನಡಿಗೆ ಕೈ ಚಾಚಿದ. ಬಿಗಿಯಾಗಿದ್ದ ನಟ್ಟು ಒಂದೆರಡು ಸಲ ಜಗ್ಗಿದ ಮೇಲೆ ಸಡಿಲಿತು. ತುಸು ತಿರುಗಿಸಿ ಟೇಪು ಹಿಡಿದ, ಮತ್ತೆ ತುಸು ತಿರುಗಿಸಿದ. ಕಣ್ಣು ಮಂಜಾಗಿ ಟೇಪಿನ ಗೆರೆ ಕಾಣದಾದಾಗ ತೋಳಿನಿಂದ ಒರೆಸಿಕೊಂಡ.

ಕಾರಿನಡಿಯಿಂದ ಆಚೆ ಪಕ್ಕದ ನೆಲ ಕಾಣುತ್ತಿತ್ತು. ಲಾಡಿ ಬಿಗಿದ ಬಾಯಿಯಿಂದ ಜಾರಿದ ಒಂದು ಹಿಡಿ ಅಕ್ಕಿ ಅಲ್ಲಿ ಚೆಲ್ಲಿತ್ತು. ಒದ್ದೆ ಚಪ್ಪಲಿಯ ಎರಡು ಪಾದಗಳು ಅದರ ಬಳಿ ಬಂದು ನಿಂತವು. ಪ್ರೇರಣಾ ಕುಕ್ಕರುಗಾಲಲ್ಲಿ ಕೂತು ಕಾಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಳ್ಳತೊಡಗಿದಳು. ಅವಳ ಬೆರಳು ಒಂದೇ ಕಾಳನ್ನು ಎರಡೆರಡು ಸಲ ಹಿಡಿಯಲು ಹೋಗಿ ತಪ್ಪುತ್ತಿತ್ತು. ಸ್ವಲ್ಪ ಹೊತ್ತಿಗೆ ಮಿಥುನ್‌ನ ಶೂಗಳು ನಿಧಾನವಾಗಿ ದಾರ ದಾಟಿ ಬಂದವು. ಕಾರಿನ ಬಾಗಿಲು ಹಿಡಿದುಕೊಂಡು ಅವನು ಮೊದಲು ಒಂದು ಮಂಡಿ ಊರಿದ, ಆಮೇಲೆ ಇನ್ನೊಂದು. ಆರಿಸಿದ ಕಾಳನ್ನು ಅವಳ ಅಂಗೈಗೆ ಹಾಕಿದ.