ಸೂರಿನ ಕೆಳಗಿನವರು

ನಮ್ಮ ಮನೆಯ ಹೆಸರು ಇತುರಾಲ್ದೆ. ಒರತೆಯ ಪಕ್ಕದ್ದು ಎಂದರ್ಥ. ನಮ್ಮಲ್ಲಿ ಹೆಸರಿರುವುದು ಮನೆಗೆ. ಒಳಗೆ ಬಂದವರಿಗೆಲ್ಲ ಅದು ಅಂಟಿಕೊಳ್ಳುತ್ತದೆ. ನಾನು ಸೊಸೆಯಾಗಿ ಬಂದ ವಾರಕ್ಕೇ ಊರು ನನ್ನನ್ನು ಇತುರಾಲ್ದೆ ಜೊಶೆಪಾ ಎನ್ನತೊಡಗಿತ್ತು.

ಕಣಿವೆಗೆ ಅಣೆಕಟ್ಟು ಬಂದಾಗ ಹಳೆಯ ಮಾಡಿನ ಹೆಂಚುಗಳನ್ನೇ ಇಳಿಸಿ ಗುಡ್ಡದ ಮೇಲೆ ಹೊಸ ಮನೆಗೆ ಹೊದಿಸಿದೆವು. ಹೊರಟ ದಿನ ನೆರೆಮನೆಯ ಎರ್ರಾಮುನ್ ನಮ್ಮ ಒಲೆಯ ಕೆಂಡವನ್ನು ಬಾಣಲೆಯಲ್ಲಿಟ್ಟುಕೊಂಡು ಮುಂದೆ ನಡೆದ. ಕೆಂಡ ಹೋದಲ್ಲಿಗೆ ಮನೆಯ ಹೆಸರೂ ಹೋಗುತ್ತದೆ.

ನನ್ನ ಚಿಂತೆ ಬೇರೆಯೇ ಇತ್ತು. ನನ್ನ ಎರಡನೆಯ ಮಗು, ಹೆಣ್ಣು, ಪಾದ್ರಿ ಬರುವ ಮೊದಲೇ ತೀರಿಕೊಂಡಿತ್ತು. ಜ್ಞಾನಸ್ನಾನವಾಗದ ಕೂಸಿಗೆ ಚರ್ಚಿನ ಮಣ್ಣಿಲ್ಲ, ಚರ್ಚಿನ ಪುಸ್ತಕದಲ್ಲಿ ಹೆಸರಿಲ್ಲ. ವಾಡಿಕೆಯಂತೆ ಮನೆಯ ಸೂರಿನ ಕೆಳಗೆ ಮಲಗಿಸಿ, ಮೇಲೊಂದು ಹೆಂಚು ಕವುಚಿ ಮಣ್ಣೆಳೆದಿದ್ದೆವು.

"ಸೂರಿನ ಕೆಳಗಿದ್ದವಳು ಮನೆಯವಳೇ. ಇತುರಾಲ್ದೆ ಅನ್ನೋ ಹೆಸರು ಸಾಕು ಅವಳಿಗೆ" ಎಂದಿದ್ದರು ಅತ್ತೆ ಕತಾಲಿನ್.

ಅವಳಿಗಿದ್ದದ್ದು ಅದೊಂದೇ. ಈಗ ಆ ಸೂರೂ ಇಲ್ಲ.

"ಅಗೆದು ತರೋಣ" ಎಂದೆ ಗಂಡನಿಗೆ.

"ಮಣ್ಣಲ್ಲಿ ಏನುಳಿದಿರುತ್ತೆ ಜೊಶೆಪಾ? ಕೆಂಡ ಬಂತಲ್ಲ, ಎಲ್ಲ ಬಂದ ಹಾಗೇ" ಎಂದ ಬೆನ್ಯಾತ್.

ಗುಡ್ಡದ ಮೇಲೆ ಒರತೆಯಿರಲಿಲ್ಲ. ಎರ್ರಾಮುನ್ ಬಿಟ್ಟಾನೆಯೇ? "ಒರತೆ ಇಲ್ದಿರೋ ಇತುರಾಲ್ದೆ! ಇನ್ಮೇಲೆ ಗಾಳಿಮನೆಯವರು ಅಂತ ಕೂಗ್ಬೇಕು ನಿಮ್ಮನ್ನ."

"ನಿಮ್ಮನೆ ಹೆಸರು ತೋಳದ ಗವಿ. ಹೋಗಿ ನೋಡಿದ್ರೆ ಎರಡು ಮುದಿ ಕುರಿ" ಎಂದ ಬೆನ್ಯಾತ್.

ನಾಲ್ಕನೆಯ ದಿನ ಬೆಳಿಗ್ಗೆ ಒಂದು ಹೆಂಚು ಕೆಳಗಿತ್ತು. ಒಡೆದಿರಲಿಲ್ಲ. ಸೂರಿನ ನೇರಕ್ಕೆ, ಯಾರೋ ಕವುಚಿಟ್ಟಂತೆ. ಬೆನ್ಯಾತ್ ಏಣಿ ಹತ್ತಿ ಮತ್ತೆ ಹೊದಿಸಿ ಬಂದ. ಮರುದಿನ ಅದೇ ಜಾಗದಲ್ಲಿ ಅದೇ ಹೆಂಚು, ಮಾರು ದೂರದಲ್ಲಿ ಇನ್ನೊಂದು.

"ಗಾಳಿ ಕಣೇ" ಎಂದ. ಗಾಳಿ ಇರಲಿಲ್ಲ. ಅವನು ಏಣಿಯನ್ನೂ ಮುಟ್ಟಲಿಲ್ಲ.

ನಾಲ್ಕು ಹೆಂಚಾದ ದಿನ ಅತ್ತೆ ಅವರೆಕಾಳಿನ ಬುಟ್ಟಿ ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು. "ಬಂದರು."

"ಯಾರು ಅತ್ತೆ?"

"ಹಳೇ ಸೂರಿನ ಕೆಳಗಿದ್ದ ಕೂಸುಗಳು. ನಿಮ್ಮ ಮಾವನ ಅಕ್ಕ. ಅವರಜ್ಜಿಯ ಅವಳಿ ಮಕ್ಕಳಿಬ್ಬರು. ಅದಕ್ಕೂ ಹಿಂದಿನದೊಂದು. ಕೆಂಡದ ಹಿಂದೇನೇ ಬಂದಿದಾರೆ. ನಂಗೆ ಗೊತ್ತಿರೋದು ಈ ನಾಲ್ಕೇ." ನನ್ನ ಮುಖ ನೋಡಿ ದನಿ ತಗ್ಗಿಸಿದರು. "ನಿನ್ನದು ತೀರಾ ಚಿಕ್ಕದು. ದಾರಿ ಗೊತ್ತಾಗಿರಲಿಕ್ಕಿಲ್ಲ."

ಆರು ಬೆಳಗು ಕಾದೆ. ಹಸುವಿನ ಕೆಚ್ಚಲ ಮೇಲೆ ಕೈ, ಕಣ್ಣು ಸೂರಿನ ಮೇಲೆ. ನಾಲ್ಕು ನಾಲ್ಕೇ ಆಗಿ ಉಳಿದವು. ಏಳನೆಯ ದಿನ ಮಧ್ಯಾಹ್ನ ಮಗನಿಗೆ ಉಣಿಸಿ, ಯಾರಿಗೂ ಹೇಳದೆ ಕೆಳಗಿಳಿದೆ.

ಮಾಡು ಕಳಚಿದ ಹಳೆಯ ಮನೆಯ ಹೊಸ್ತಿಲಿಗೆ ಅಣೆಕಟ್ಟಿನ ನೀರು ಬಂದಿತ್ತು. ಅವಳ ಜಾಗ ಪಾದ ಮುಳುಗುವಷ್ಟು ಆಳದಲ್ಲಿತ್ತು. ಏನೆಂದು ಕರೆಯಲಿ? ಹೊಲದಲ್ಲಿದ್ದವರನ್ನು ಊಟಕ್ಕೆ ಕರೆಯುವಂತೆ ಕೂಗಿದೆ:

"ಇತುರಾಲ್ದೇ! ಮನೆ ಮೇಲಿದೆ, ಬಾ!"

ಕಲ್ಲಿಗೆ ಬಡಿಯುತ್ತಿದ್ದ ನೀರು ಸುಮ್ಮನಾಯಿತು. ನಾನು ತಿರುಗಿ ನೋಡದೆ ಹತ್ತತೊಡಗಿದೆ. ಹಿಂದೆ ಹುಲ್ಲು ಸರಸರ ಎಂದಿತು. ನಡೆಯಲು ಕಲಿಯದವಳು ಎಂದು ನೆನಪಾಗಿ ಅಲ್ಲಲ್ಲಿ ನಿಂತೆ. ನಿಂತಾಗ ಸದ್ದೂ ನಿಂತಿತು. ಒಮ್ಮೆ ಮಾತ್ರ ಅದು ನನ್ನ ಎರಡೂ ಬದಿಗಳಿಂದ ಕೇಳಿಸಿತು.

ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಕೆಳಗೆ ಐದನೆಯ ಹೆಂಚಿತ್ತು. ಅದರ ಅಂಚಿಗೆ ಅಂಚು ತಾಗಿಸಿಕೊಂಡು ಆರನೆಯದು.

"ಅಮ್ಮಾ, ಗೊತ್ತಿರೋದು ನಾಲ್ಕೇ ಅಂದಿದ್ದೆ" ಎಂದ ಬೆನ್ಯಾತ್. "ಇವಳದು ಸೇರಿದ್ರೂ ಐದೇ ಅಲ್ವಾ?"

ಅತ್ತೆ ಒದ್ದೆ ನೆಲದಲ್ಲಿ ಕುಕ್ಕರಿಸಿ ಆರನೆಯ ಹೆಂಚಿನ ಮೇಲೆ ಅಂಗೈಯಿಟ್ಟರು.

"ನೀನು ಹುಟ್ಟೋಕೆ ಮುಂಚೆ ನಂಗೊಂದಿತ್ತು" ಎಂದರು. "ನಿಮ್ಮಪ್ಪ ಊರಲ್ಲಿರಲಿಲ್ಲ. ಅವರಿಗೂ ಹೇಳ್ಲಿಲ್ಲ ನಾನು." ನನ್ನತ್ತ ತಿರುಗದೆಯೇ ಕೇಳಿದರು: "ಮನೆ ಹೆಸರು ಹಿಡಿದು ಕೂಗಿದೆಯಾ ಮಗಳೇ?"

"ಹೂಂ ಅತ್ತೆ."

ಬೆನ್ಯಾತ್ ಮಾಡಿನ ಆರು ಕಿಂಡಿಗಳನ್ನು ನೋಡಿದ. ನೆಲದ ಹೆಂಚುಗಳನ್ನು ದಾಟದೆ, ಸುತ್ತುಬಳಸಿ ಗಾಡಿಯತ್ತ ನಡೆದ.

"ಪೇಟೆಯಿಂದ ಬೇರೆ ಹೆಂಚು ತರ್ತೀನಿ" ಎಂದ.